ನಿಮ್ಮ ಕಥೆಯಲ್ಲಿ ಕೋವಿ ತುಂಬಾ ಬೇಗ ಸಿಡಿಯಿತು

ಪ್ರಿಯ ಬರಹಗಾರರೇ,

ನಮಸ್ಕಾರ. ನೀವು ಕಳಿಸಿದ ‘ನೀರ ಮೇಲಿನ ಫಿರಂಗಿ’ ಕಥೆಯನ್ನು ಎರಡು ಸಲ ಓದಿದೆವು. 1890ರ ಸುಮಾರಿನ ಇಂಗ್ಲೆಂಡು, ಎಸೆಕ್ಸ್ ಕರಾವಳಿಯ ಬ್ಲ್ಯಾಕ್‌ವಾಟರ್ ಅಳಿವೆ. ದೋಣಿಗೆ ಕಟ್ಟಿದ ‘ಪಂಟ್ ಗನ್’ ಎಂಬ ದೈತ್ಯ ಕೋವಿಯಿಂದ ಹೆಬ್ಬಾತು ಹೊಡೆದು ಲಂಡನ್ನಿನ ಪೇಟೆಗೆ ಕಳಿಸಿ ಹೊಟ್ಟೆ ಹೊರೆಯುವ ಜಾನ್, ಮೊದಲ ಸಲ ಅವನ ಜೊತೆ ಹೊರಟ ಹನ್ನೆರಡು ವರ್ಷದ ಮಗ. ವಸ್ತು ನಮಗೆ ಹಿಡಿಸಿತು. ಆದರೆ ಕಥೆಯನ್ನು ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ನಿಮ್ಮ ಭಾಷೆಯಲ್ಲಿ ದೋಷವಿಲ್ಲ. ದೋಷ ಇರುವುದು ಕೋವಿಯಲ್ಲಿ. ಅದು ಏನು ಮಾಡಬಲ್ಲದು ಎಂದು ನೀವು ಓದಿಕೊಂಡಿದ್ದೀರಿ, ಏನು ಮಾಡಲಾರದು ಎಂಬುದನ್ನು ಗಮನಿಸಿಲ್ಲ. ಕಥೆ ಅಡಗಿರುವುದು ಆ ಎರಡನೆಯದರಲ್ಲಿ.

ಮೂರನೇ ಪುಟ ನೋಡಿ. ‘ಜಾನ್ ದೋಣಿಯಲ್ಲಿ ಎದ್ದು ನಿಂತು ಕೋವಿಯನ್ನು ಹೆಗಲಿಗೇರಿಸಿ ಹಾರುವ ಹಿಂಡಿಗೆ ಗುರಿಯಿಟ್ಟ’ ಎಂದು ಬರೆದಿದ್ದೀರಿ. ಈ ಒಂದು ವಾಕ್ಯದಲ್ಲಿ ಮೂರು ತಪ್ಪುಗಳಿವೆ.

ಪಂಟ್ ಗನ್ ಹೆಗಲಿಗೇರುವ ವಸ್ತುವಲ್ಲ. ನಳಿಗೆಯೇ ಏಳೆಂಟು ಅಡಿ ಉದ್ದ, ಇಡೀ ಕೋವಿಯ ತೂಕ 40–50 ಕಿಲೋ, ಕೆಲವು ಇನ್ನೂ ಹೆಚ್ಚು. ಬಾಯಿಯ ಅಗಲ ಒಂದೂಕಾಲು, ಒಂದೂವರೆ ಅಂಗುಲ. ಒಂದು ಈಡಿಗೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಚರೆ (ಸೀಸದ ಸಣ್ಣ ಗುಂಡುಗಳು). ನಮ್ಮಲ್ಲಿ ಪರಿಚಿತವಾದ 12 ಬೋರ್ ತೋಟೆಯಲ್ಲಿ ಇರುವುದು 32 ಗ್ರಾಂ ಮಾತ್ರ. ಲೆಕ್ಕ ಹಾಕಿ: 450 ಗ್ರಾಂ ಚರೆ ಸೆಕೆಂಡಿಗೆ 380 ಮೀಟರ್ ವೇಗದಲ್ಲಿ ಮುಂದೆ ಹೊರಟರೆ, 45 ಕಿಲೋದ ಕೋವಿ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಹಿಂದೆ ನುಗ್ಗುತ್ತದೆ. ಅದನ್ನು ಹೆಗಲಲ್ಲಿ ತಡೆಯಹೋದವನ ಮೂಳೆ ಉಳಿಯುವುದಿಲ್ಲ. ಅದಕ್ಕೇ ಒದೆತವನ್ನು ದೋಣಿಗೆ ಹಂಚುತ್ತಿದ್ದರು. ನಳಿಗೆಯ ಎರಡು ಪಕ್ಕದಲ್ಲಿ ಕಬ್ಬಿಣದ ಗುಬುಟುಗಳು. ಅವಕ್ಕೆ ಸಿಕ್ಕಿಸಿದ ದಪ್ಪ ಸೆಣಬಿನ ಹಗ್ಗ ಮುಂದೆ ಹೋಗಿ ದೋಣಿಯ ಮೂತಿಯ ಗಟ್ಟಿ ಮರದಲ್ಲಿ ಕೊರೆದ ತೂತಿನ ಮೂಲಕ ಹಾಯುತ್ತದೆ. ಈಡು ಹಾರಿದಾಗ ಕೋವಿ ಆ ಹಗ್ಗವನ್ನು ಜಗ್ಗುತ್ತದೆ, ಹಗ್ಗ ದೋಣಿಯನ್ನೇ ಹಿಂದಕ್ಕೆ ಎಳೆಯುತ್ತದೆ. ದೋಣಿ, ಕೋವಿ, ಇಬ್ಬರು ಮನುಷ್ಯರು ಸೇರಿ 300 ಕಿಲೋ ಎಂದಿಟ್ಟುಕೊಂಡರೆ ಆ 4 ಮೀಟರಿನ ವೇಗ ಅರ್ಧ ಮೀಟರಿಗಿಂತ ತುಸು ಹೆಚ್ಚಿನದಕ್ಕೆ ಇಳಿಯುತ್ತದೆ. ದೋಣಿ ನೀರಿನಲ್ಲಿ ಮೆಲ್ಲಗೆ ಹಿಂದೆ ಜಾರುತ್ತದೆ, ಅಷ್ಟೇ.

ನಿಮ್ಮ ಕಥೆಗೆ ಬೇಕಾದ ಅಪಾಯ ಈ ಹಗ್ಗದಲ್ಲಿದೆ. ಸೆಣಬು ನೆನೆದರೆ ಬಿಗಿಯುತ್ತದೆ, ಒಣಗಿದರೆ ಸಡಿಲವಾಗುತ್ತದೆ. ಮನೆಯಲ್ಲಿ ಒಣಗಿದ ಹಗ್ಗವನ್ನು ಹಾಗೇ ಸಿಕ್ಕಿಸಿಕೊಂಡು ಹೊರಟವನ ಕೋವಿ ಹಗ್ಗ ಬಿಗಿಯಾಗುವ ಮೊದಲೇ ಒಂದಿಷ್ಟು ಹಿಂದೆ ಓಡಿಬಿಡುತ್ತದೆ. ಹಿಂದೆ ಇರುವುದು ಬೇಟೆಗಾರನ ದವಡೆ. ಉಪ್ಪುನೀರು ತಿಂದು ಒಳಗೇ ಕೊಳೆತ ಹಗ್ಗ ಹರಿದರಂತೂ ದವಡೆಯೊಂದೇ ಹೋಗುವುದಿಲ್ಲ. ನೀವು ಎರಡನೇ ಪುಟದಲ್ಲಿ ಬಿರುಗಾಳಿ ತಂದಿದ್ದೀರಿ. ಅದನ್ನು ತೆಗೆಯಿರಿ. ಗಾಳಿ ಇದ್ದರೆ ಇಂಥ ದೋಣಿ ದಡ ಬಿಡುವುದೇ ಇಲ್ಲ, ಅದರ ಅಂಚು ನೀರಿನಿಂದ ಒಂದು ಗೇಣೂ ಮೇಲಿರುವುದಿಲ್ಲ. ಸಣ್ಣ ಅಲೆ ಎದ್ದರೂ ಮೂತಿ ಏರಿದಾಗ ಹಾರಿಸಿದ ಈಡು ಹಕ್ಕಿಗಳ ತಲೆಯ ಮೇಲೆ ಹೋಗುತ್ತದೆ, ಇಳಿದಾಗ ಹಾರಿಸಿದ್ದು ನೀರಿಗೆ ಬೀಳುತ್ತದೆ.

ಎರಡನೇ ತಪ್ಪು, ‘ಎದ್ದು ನಿಂತು’. ಹಿಂಡು ಕಣ್ಣಿಗೆ ಬಿದ್ದ ಕ್ಷಣದಿಂದ ಈಡು ಹಾರುವವರೆಗೆ ಬೇಟೆಗಾರ ಬೋರಲು ಮಲಗಿಯೇ ಇರುತ್ತಾನೆ. ದೋಣಿಗೆ ಬೂದಿ ಬಣ್ಣ, ಮೈಮೇಲೆ ಮಾಸಲು ಬಿಳಿ ಬಟ್ಟೆ. ಒಬ್ಬನೇ ಇದ್ದರೆ ಎರಡೂ ತೋಳುಗಳನ್ನು ಅಂಚಿನ ಆಚೆ ಇಳಿಬಿಟ್ಟು ಅಂಗೈಯಷ್ಟು ಹುಟ್ಟುಗಳಿಂದ, ನೀರು ಕಡಿಮೆಯಾದರೆ ಗಿಡ್ಡ ಜಲ್ಲೆಯಿಂದ, ದೋಣಿಯನ್ನು ತೆವಳಿಸುತ್ತಾನೆ. ನಿಮ್ಮ ಕಥೆಯ ಹಾಗೆ ‘ಹುಟ್ಟುಗಳ ಕಿರುಗುಟ್ಟುವಿಕೆ’ ಕೇಳಿಸಿದರೆ ಅರ್ಧ ಮೈಲಿ ದೂರದಲ್ಲೇ ಹಿಂಡು ಏಳುತ್ತದೆ. ಹುಟ್ಟನ್ನು ನೀರಿನಿಂದ ಮೇಲೆತ್ತುವ ಹಾಗೂ ಇಲ್ಲ. ಎತ್ತಿದರೆ ಅದರ ತುದಿಯಿಂದ ತೊಟ್ಟಿಕ್ಕುವ ಹನಿ ಸದ್ದು ಮಾಡುತ್ತದೆ, ಬೆಳದಿಂಗಳಿದ್ದರೆ ಹೊಳೆಯುತ್ತದೆ. ಜನವರಿಯ ರಾತ್ರಿ ಮುಂಗೈವರೆಗೆ ಸಮುದ್ರದ ನೀರಲ್ಲಿ, ಬೆರಳು ಇದೆಯೋ ಇಲ್ಲವೋ ತಿಳಿಯದಂತೆ ಗಂಟೆಗಟ್ಟಲೆ. ಇದು ನಿಮ್ಮ ಕಥೆಯಲ್ಲಿ ಒಂದು ಸಾಲೂ ಇಲ್ಲ.

ಮೂರನೇ ತಪ್ಪು, ‘ಹಾರುವ ಹಿಂಡು’. ಈ ಕೋವಿ ಹಾರುವ ಹಕ್ಕಿಯನ್ನು ಹಿಂಬಾಲಿಸಲಾರದು. ಮೇಲೆ ಕೆಳಗೆ ಮಾಡಲು ಹಿಂಬದಿಯನ್ನು ಒತ್ತಿ ಮೂತಿಯನ್ನು ತುಸು ಎತ್ತಬಹುದು. ಎಡಕ್ಕೆ ಬಲಕ್ಕೆ ತಿರುಗಿಸಬೇಕಾದರೆ ಇಡೀ ದೋಣಿಯನ್ನೇ ತಿರುಗಿಸಬೇಕು. ಗುರಿ ನೀರಿನ ಮೇಲೆ ಒತ್ತಾಗಿ ಕೂತ ಹಿಂಡಿಗೆ, 50ರಿಂದ 70 ಮೀಟರ್ ದೂರದಿಂದ. ಕೂತ ಹಕ್ಕಿಗೆ ಅರ್ಧ ಮೈ ನೀರಲ್ಲಿ, ಮಡಿಸಿದ ರೆಕ್ಕೆಯೇ ಕವಚ. ಆದ್ದರಿಂದ ನುರಿತವರು ತುಸು ಸದ್ದು ಮಾಡಿ ಕತ್ತು ನಿಗುರಿಸುವಂತೆ ಮಾಡಿ, ರೆಕ್ಕೆ ಬಿಚ್ಚಿ ನೀರು ಬಿಡುವ ಆ ಅರೆಕ್ಷಣಕ್ಕೆ ಟ್ರಿಗರಿನ ದಾರ ಎಳೆಯುತ್ತಿದ್ದರು. ಹೌದು, ದಾರ. ಎಷ್ಟೋ ಕೋವಿಗಳಲ್ಲಿ ಬೆರಳು ಟ್ರಿಗರಿನ ಹತ್ತಿರ ಇರುತ್ತಿರಲಿಲ್ಲ, ಮೇಲೆ ಹೇಳಿದ ದವಡೆಯ ಕಾರಣಕ್ಕೆ.

ಈಗ ನಮ್ಮ ಮುಖ್ಯ ಸಲಹೆ. ಗುರಿ ಹಿಡಿಯುವುದು ದೋಣಿ ಎಂದಾದರೆ, ಇಬ್ಬರಿರುವ ದೋಣಿಯಲ್ಲಿ ಗುರಿ ಹಿಡಿಯುವವನು ಯಾರು? ಇಬ್ಬರ ದೋಣಿ 22–24 ಅಡಿ ಉದ್ದ. ಮುಂದಿನವನು ಕೋವಿಯ ಹಿಂದೆ ಮಲಗಿರುತ್ತಾನೆ, ಅವನ ಹಿಂದಿನವನು ಮಲಗಿಕೊಂಡೇ ದೋಣಿ ನಡೆಸುತ್ತಾನೆ. ದಾರ ಅಪ್ಪನ ಕೈಯಲ್ಲಿ, ಕೋವಿಯ ದಿಕ್ಕು ಮಗನ ಕೈಯಲ್ಲಿ. ನಿಮ್ಮ ಹುಡುಗ ಈಗ ಕಥೆಯುದ್ದಕ್ಕೂ ಸುಮ್ಮನೆ ಕೂತು ಕಣ್ಣರಳಿಸುತ್ತಾನೆ, ಕೊನೆಗೆ ಅಳುತ್ತಾನೆ. ಅವನನ್ನು ಹದಿನಾರು ವರ್ಷದವನನ್ನಾಗಿ ಮಾಡಿ, ಕೈಗೆ ಜಲ್ಲೆ ಕೊಡಿ. ಮಾತಾಡುವ ಹಾಗಿಲ್ಲ. ಅಪ್ಪನ ಬೂಟು ಮಗನ ಮುಖದ ಹತ್ತಿರವೇ ಇದೆ, ಬೂಟು ಎಡಕ್ಕೆ ವಾಲಿದರೆ ಎಡಕ್ಕೆ, ನೆಟ್ಟಗೆ ನಿಂತರೆ ನಿಲ್ಲು ಎಂದು. ಆ ಕೆಸರು ಮೆತ್ತಿದ ಬೂಟನ್ನೇ ನೋಡುತ್ತ ಮಗ ಎರಡು ಗಂಟೆ ಕಳೆಯಲಿ. ಹಿಂಡು ಅವನಿಗೆ ಕಾಣುವುದೇ ಬೇಡ, ಸದ್ದು ಮಾತ್ರ ಕೇಳಲಿ. ನೀವು ಎಂಟು ಸಾಲಲ್ಲಿ ಮುಗಿಸಿದ ಈ ದಾರಿ ನಾಲ್ಕು ಪುಟ ಬೇಡುತ್ತದೆ, ಸಿಡಿತಕ್ಕೆ ಒಂದು ಸಾಲು ಸಾಕು.

ಜಾನ್ ಹತ್ತು ನಿಮಿಷದಲ್ಲಿ ಐದು ಈಡು ಹಾರಿಸುತ್ತಾನೆ. ಆಗದ ಮಾತು. 1890ರ ಹೊತ್ತಿಗೆ ಹಣವಂತರ ಬಳಿ ಹಿಂದಿನಿಂದ ತೋಟೆ ತುಂಬುವ ಕೋವಿಗಳು ಬಂದಿದ್ದವು. ಆದರೆ ಜಾನ್‌ನಂಥ ಬಡವನ ಕೈಯಲ್ಲಿ ಬಾಯಿಯಿಂದ ತುಂಬಿ, ಕೇಪು ಎಂಬ ಪುಟ್ಟ ಲೋಹದ ಟೋಪಿಯಿಂದ ಮದ್ದಿಗೆ ಬೆಂಕಿ ಹತ್ತಿಸುವ ಹಳೆಯ ಕೋವಿಯೇ ಇರುವುದು ಸಹಜ. ಅದನ್ನು ಮತ್ತೆ ತುಂಬಬೇಕೆಂದರೆ ಮೂತಿಯಾಚೆ ಚಾಚಿದ ಕೋವಿಯನ್ನು ಒಳಕ್ಕೆ ಎಳೆಯಬೇಕು ಅಥವಾ ದೋಣಿಯನ್ನು ಕೆಸರಿಗೆ ಹತ್ತಿಸಬೇಕು. ಮಸಿ ಒರೆಸಬೇಕು. ಉದ್ದ ಹಿಡಿಯ ಸೌಟಿನಂಥ ಅಳತೆಯಲ್ಲಿ ದಪ್ಪ ಕಾಳಿನ ಕರಿಮದ್ದನ್ನು ನಳಿಗೆಯ ತಳಕ್ಕೆ ಮುಟ್ಟಿಸಬೇಕು, ಮೇಲೆ ಹಳೆಯ ಹಗ್ಗದ ನಾರಿನ ಉಂಡೆ ಜಡಿಯಬೇಕು, ಚರೆ ಸುರಿಯಬೇಕು, ಅದು ಹೊರಳಿ ಬೀಳದಂತೆ ಮತ್ತೊಂದು ಉಂಡೆ, ಕೊನೆಗೆ ಕೇಪು. ಅಷ್ಟರಲ್ಲಿ ಆ ಅಳಿವೆಯ ಹಕ್ಕಿಗಳೆಲ್ಲ ಊರು ಬಿಟ್ಟಿರುತ್ತವೆ. ರಾತ್ರಿಗೆ ಒಂದೇ ಈಡು ಎಂದು ತಿಳಿದು ಬರೆಯಿರಿ, ಎಷ್ಟೋ ರಾತ್ರಿ ಅದೂ ಇಲ್ಲ. ಒಂದೇ ಈಡಿಗೆ ಐವತ್ತು, ನೂರು ಬಿದ್ದದ್ದು ಅಪರೂಪದ ದಿನಗಳ ಲೆಕ್ಕ. ಜಾನ್‌ಗೆ ಹದಿನೈದು ಸಿಕ್ಕರೆ ಅವನ ಪಾಲಿಗೆ ಅದು ಹಬ್ಬ.

ಕೈಕೊಡುವ ಸಂಗತಿಗಳು ಇನ್ನೂ ಇವೆ. ಕೇಪಿನ ಮೇಲೆ ನೀರು ಎರಚಿದರೆ ಈಡು ಹತ್ತುವುದಿಲ್ಲ, ಅದಕ್ಕೆ ಚರ್ಮದ ಮುಸುಕು ಹೊದಿಸಿರುತ್ತಾರೆ. ಬಾಯಿಗೆ ಹಿಮವೋ ಕೆಸರೋ ಮೆತ್ತಿಕೊಂಡಿದ್ದು ಹಾಗೇ ಹಾರಿಸಿದರೆ ನಳಿಗೆಯೇ ಸೀಳುತ್ತದೆ. ನೀರು ಹೋಗದಂತೆ ಬಾಯಿಗೆ ಬಿರಡೆ ಇಟ್ಟು ತೆಗೆಯಲು ಮರೆತರೂ ಅದೇ ಗತಿ.

ಉಬ್ಬರ-ಇಳಿತದ ಮಾತೇ ನಿಮ್ಮಲ್ಲಿ ಇಲ್ಲ. ಕುಮಟಾ, ಹೊನ್ನಾವರದ ಓದುಗರು ಇದನ್ನು ಮೊದಲ ಪುಟದಲ್ಲೇ ಹಿಡಿಯುತ್ತಾರೆ. ಬ್ಲ್ಯಾಕ್‌ವಾಟರ್‌ನಲ್ಲಿ ಇಳಿತವಾದಾಗ ಮೈಲಿಗಟ್ಟಲೆ ಕೆಸರು ಬಯಲಾಗುತ್ತದೆ. ಬ್ರೆಂಟ್ ಹೆಬ್ಬಾತುಗಳು ಆ ಕೆಸರಲ್ಲಿ ಬೆಳೆಯುವ ಈಲ್‌ಗ್ರಾಸ್ ಎಂಬ ಸಮುದ್ರದ ಹುಲ್ಲನ್ನು ಮೇಯಲು ಬರುತ್ತವೆ. ನೀರು ಏರುತ್ತಿರುವಾಗ ಕಾಲುವೆಗಳ ಮೂಲಕ ನುಸುಳಿ ಹತ್ತಿರ ಹೋಗಬೇಕು. ಇಳಿಯುವಾಗ ಹೋದವನು ಕೆಸರಲ್ಲಿ ಕೂತು, ನೀರು ಮತ್ತೆ ಬರುವವರೆಗೆ ಅಲ್ಲೇ ಚಳಿಗೆ ಸೆಟೆಯುತ್ತಾನೆ. ಜಾನ್ ಗಡಿಯಾರ ನೋಡುವುದನ್ನು ಬಿಟ್ಟು ನೀರು ನೋಡಲಿ.

ತಿಂಗಳನ್ನೂ ಬದಲಿಸಿ. ನೀವು ಜೂನ್ ಎಂದಿದ್ದೀರಿ. ಬ್ರೆಂಟ್ ಹೆಬ್ಬಾತುಗಳು ಜೂನ್‌ನಲ್ಲಿ ಎಸೆಕ್ಸ್‌ನಲ್ಲಿ ಇರುವುದಿಲ್ಲ, ಸೈಬೀರಿಯಾದ ಉತ್ತರ ತುದಿಯಲ್ಲಿ ಮೊಟ್ಟೆಯಿಡುತ್ತಿರುತ್ತವೆ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತು ಜೂನ್‌ನಲ್ಲಿ ಸಿಗದ ಹಾಗೆಯೇ ಇದು. ಅಲ್ಲದೆ 1880ರ ಕಾಯ್ದೆಯ ಪ್ರಕಾರ ಅಲ್ಲಿ ಮಾರ್ಚ್ 1ರಿಂದ ಆಗಸ್ಟ್ 1ರವರೆಗೆ ಕಾಡುಹಕ್ಕಿಗಳ ಬೇಟೆಗೆ ತಡೆಯಿತ್ತು.

ಈಡು ಹಾರಿದ ಮೇಲೆ ‘ಜಾನ್ ಹಕ್ಕಿಗಳನ್ನು ತುಂಬಿಕೊಂಡು ಮನೆಗೆ ಮರಳಿದ’ ಎಂದು ಮುಗಿಸಿ, ಮಗನ ಬಾಯಲ್ಲಿ ಒಂದೂವರೆ ಪುಟ ಪ್ರಾಣಿದಯೆಯ ಭಾಷಣ ಹಾಕಿದ್ದೀರಿ. ಈ ಭಾಷಣವನ್ನು ಪೂರ್ತಿ ಹೊಡೆದುಹಾಕಿ, ಆ ಜಾಗದಲ್ಲಿ ನಡೆಯುವುದನ್ನು ಬರೆಯಿರಿ. ಸಾವಿರಕ್ಕೂ ಮಿಕ್ಕಿದ ಚರೆಗಳು ಹಿಂಡಿನ ಮೇಲೆ ಹರಡಿವೆ. ಸತ್ತವು ಸತ್ತವು. ಗಾಯಗೊಂಡವು ಕತ್ತನ್ನು ನೀರಿಗೆ ಮಟ್ಟಸವಾಗಿ ಚಾಚಿ ಕತ್ತಲಿಗೆ ಈಜುತ್ತವೆ, ಮುಳುಗುತ್ತವೆ, ಕೆಸರು ಹತ್ತಿ ಹುಲ್ಲಿನೊಳಗೆ ನುಸುಳುತ್ತವೆ. ಇವನ್ನು ಮುಗಿಸಲೆಂದೇ ದೋಣಿಯಲ್ಲಿ ಒಂದು ಮಾಮೂಲಿ ಹೆಗಲ ಕೋವಿ ಇರುತ್ತದೆ. ಕೆಸರಲ್ಲಿ ಹೂತುಹೋಗದಂತೆ ಕಾಲಿಗೆ ಚೌಕ ಹಲಗೆ ಕಟ್ಟಿಕೊಂಡು ಮಗ ಒಂದೊಂದರ ಹಿಂದೆ ಹೋಗಬೇಕು. ಹೆಬ್ಬಾತಿನ ಒಂದು ರೆಕ್ಕೆ ಮುರಿದು ಎಳೆದಾಡುತ್ತಿದೆ, ಇನ್ನೊಂದು ಕೆಸರನ್ನು ಬಡಿಯುತ್ತಿದೆ, ಹಲಗೆಯ ಕಾಲು ಪಚಕ್ಕೆಂದು ಏಳುತ್ತಿದೆ, ಉಬ್ಬರ ಸತ್ತ ಹಕ್ಕಿಗಳನ್ನು ತೇಲಿಸಿಕೊಂಡು ಹೋಗುತ್ತಿದೆ. ಯಾವುದರ ಹಿಂದೆ ಓಡಬೇಕು? ಈ ಹುಡುಗ ಏನೂ ಹೇಳಬೇಕಾಗಿಲ್ಲ.

ಕಥೆಯ ಕೊನೆಗೆ ಸೇರಿಸಿದ ಟಿಪ್ಪಣಿಯಲ್ಲಿ ಎರಡು ಸಂಗತಿ ತಪ್ಪಿವೆ. ಅಮೆರಿಕದ ಪ್ಯಾಸೆಂಜರ್ ಪಾರಿವಾಳ ಅಳಿದದ್ದು ಈ ಕೋವಿಯಿಂದಲ್ಲ. ಅದು ಕಾಡಿನ ಹಕ್ಕಿ, ಬಲೆ ಮತ್ತು ಮಾಮೂಲಿ ಕೋವಿಗಳಿಗೆ ಬಲಿಯಾಯಿತು, ಕೊನೆಯದು 1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಅಮೆರಿಕದಲ್ಲಿ ಪಂಟ್ ಗನ್ ಕಾಡಿದ್ದು ಚೆಸಪೀಕ್ ಕೊಲ್ಲಿಯಂಥ ಕಡೆಯ ಬಾತುಗಳನ್ನು. ಅಲ್ಲಿ 1900ರ ಲೇಸಿ ಕಾಯ್ದೆ, 1918ರ ವಲಸೆ ಹಕ್ಕಿಗಳ ಕಾಯ್ದೆ ಬಂದು ಮಾರುಕಟ್ಟೆಗಾಗಿ ನಡೆಯುತ್ತಿದ್ದ ಬೇಟೆಯ ಬೆನ್ನು ಮುರಿದವು. ಬ್ರಿಟನ್ ಪೂರ್ತಿ ನಿಷೇಧಿಸಲಿಲ್ಲ, ಬಾಯಿಯ ಅಗಲ ಒಂದೂಮುಕ್ಕಾಲು ಅಂಗುಲ ಮೀರಬಾರದು ಎಂದಿತು. ಬ್ರೆಂಟ್ ಹೆಬ್ಬಾತಿಗೆ ಅಲ್ಲಿ 1954ರಲ್ಲಿ ರಕ್ಷಣೆ ಸಿಕ್ಕಿತು. ಇನ್ನು ರಾಜಸ್ಥಾನದ ಭರತಪುರದ ಬೇಟೆಯನ್ನೂ ಇದೇ ಕೋವಿಯ ಲೆಕ್ಕಕ್ಕೆ ಸೇರಿಸಿದ್ದೀರಿ: 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಬಂದಾಗ 4,273 ಹಕ್ಕಿಗಳು ಬಿದ್ದದ್ದು ನಿಜ. ಆದರೆ ಅಲ್ಲಿ ಅತಿಥಿಗಳು ಮರೆಗಳಲ್ಲಿ ನಿಂತು ಹೆಗಲ ಕೋವಿಯಿಂದ ಹಾರುವ ಹಕ್ಕಿಗೆ ಹೊಡೆದರು. ಒಂದು ದೊರೆಗಳ ಆಟ, ಇನ್ನೊಂದು ಬಡವನ ದುಡಿಮೆ. ಎರಡನ್ನೂ ಒಂದೇ ಉಸಿರಲ್ಲಿ ಹೇಳಿದರೆ ಜಾನ್‌ಗೆ ಅನ್ಯಾಯ. ಟಿಪ್ಪಣಿಯನ್ನೇ ಬಿಡಿ.

ಪದಗಳ ಬಗ್ಗೆ ಒಂದು ಮಾತು. ‘ಸಿಡಿಮದ್ದಿನ ಪ್ರಮಾಣ’, ‘ಲೋಹದ ಕಣಗಳು’, ‘ಪ್ರತಿಕ್ರಿಯಾ ಬಲ’ ಎಂದೆಲ್ಲ ಬರೆದಿದ್ದೀರಿ. ಮಲೆನಾಡು, ಕೊಡಗಿನಲ್ಲಿ ಕೋವಿ ಕಂಡವರ ಬಾಯಲ್ಲಿ ಈಡು, ಮದ್ದು, ಚರೆ, ಕೇಪು, ನಳಿಗೆ, ಒದೆತ ಎಂಬ ಮಾತುಗಳು ಸಿದ್ಧವಾಗಿವೆ. ದೋಣಿಗೂ ಕರಾವಳಿಯ ಮಾತು ತನ್ನಿ. ‘ಫಿರಂಗಿ’ ಶೀರ್ಷಿಕೆಯಲ್ಲೂ ಬೇಡ, ಅದು ಕೋಟೆಯದು.

ಎಂಟನೇ ಪುಟದಲ್ಲಿ ಜಾನ್‌ನ ಹೆಂಡತಿ ಹಕ್ಕಿಗಳನ್ನು ಎರಡೆರಡಾಗಿ ಕತ್ತು ಸೇರಿಸಿ ಕಟ್ಟುವ ದೃಶ್ಯವಿದೆ. ಒಂದು ಹಕ್ಕಿ ಜೋಡಿಯಿಲ್ಲದೆ ಉಳಿದಾಗ ಅದನ್ನು ಮನೆಯ ಒಲೆಗೆಂದು ಎತ್ತಿಡುತ್ತಾಳೆ. ಒಂದಕ್ಷರವನ್ನೂ ಮುಟ್ಟಬೇಡಿ, ಕಥೆ ಅಲ್ಲಿಗೇ ನಿಲ್ಲಲಿ.

3,000 ಪದ ಮೀರದಂತೆ ತಿದ್ದಿ ಕಳಿಸಿ. ಬಂದ ವಾರದಲ್ಲೇ ಓದುತ್ತೇವೆ.

ವಿಶ್ವಾಸದಿಂದ,
ಸಂಪಾದಕರು