ಪೈಪ್ ಡಕ್ಟಿನಲ್ಲಿ ಗೂಬೆ ಮರಿ: ಬಲೆ ಕಟ್ಟಬಹುದೇ?

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಪೈಪ್ ಡಕ್ಟಿನಲ್ಲಿ ಬಿಳಿ ಗೂಬೆಗಳು ಸೇರಿಕೊಂಡಿವೆ. ರಾತ್ರಿಯಿಡೀ ಹಾವು ಬುಸುಗುಟ್ಟಿದಂಥ ಸದ್ದು. ಹಿರಿಯರು ಅಪಶಕುನ ಎನ್ನುತ್ತಾರೆ. ಪಾರಿವಾಳದ ಬಲೆ ಕಟ್ಟಿಸಿ ಓಡಿಸಬಹುದೇ?

ಉತ್ತರ: ಈಗ ಖಂಡಿತ ಬೇಡ. ಬುಸುಗುಡುತ್ತಿರುವುದು ಊಟ ಕೇಳುವ ಮರಿಗಳು. ಹೃದಯದಾಕಾರದ ಬಿಳಿ ಮುಖವಿದ್ದರೆ ಅದು ಕಣಜ ಗೂಬೆ. ಹೆಂಚಿನ ಮನೆಗಳ ಅಟ್ಟ, ಪೊಟರೆಯಿರುವ ಹಳೇ ಮರ ಇಲ್ಲವಾದಲ್ಲಿ ಅದು ಡಕ್ಟು, ಸಜ್ಜಾ ಹುಡುಕಿಕೊಳ್ಳುತ್ತದೆ. ಈಗ ಬಲೆ ಕಟ್ಟಿದರೆ ತಾಯಿ ಹೊರಗೆ, ಮರಿ ಒಳಗೆ. ಮರಿಗಳು ಉಪವಾಸ ಸತ್ತು ಡಕ್ಟೆಲ್ಲ ನಾರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದು ಅಪರಾಧವೂ ಹೌದು. ಮೊಟ್ಟೆಯೊಡೆದ ಮೇಲೆ ಮರಿ ಹಾರಲು 8ರಿಂದ 10 ವಾರ ಬೇಕು. ಅಷ್ಟು ದಿನ ಸಹಿಸಿಕೊಳ್ಳಿ.

ಹಿರಿಯರಿಗೆ ಒಂದು ವಸ್ತು ತೋರಿಸಿ. ಡಕ್ಟಿನ ಬುಡದಲ್ಲಿ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು ಬಿದ್ದಿರುತ್ತವೆ. ಅದು ಹಿಕ್ಕೆಯಲ್ಲ, ಜೀರ್ಣವಾಗದ್ದನ್ನು ಗೂಬೆ ಬಾಯಿಂದ ಉಗುಳಿದ್ದು. ಗ್ಲೌಸ್ ಹಾಕಿಕೊಂಡು ನೀರಲ್ಲಿ ನೆನೆಸಿ, ಕಡ್ಡಿಯಿಂದ ಬಿಡಿಸಿದರೆ ಇಲಿಯ ಕೂದಲು, ಪುಟ್ಟ ತಲೆಬುರುಡೆ, ಕಿತ್ತಳೆ ಬಣ್ಣದ ಬಾಚಿಹಲ್ಲು ಸಿಗುತ್ತವೆ. ನಿಮ್ಮ ಮನೆಗೆ ಬರಬೇಕಿದ್ದ ಇಲಿ ಅದು!

ಆದ್ದರಿಂದಲೇ ಕಟ್ಟಡದ ಸುತ್ತ ಇಲಿ ಪಾಷಾಣ ಇಡುವುದನ್ನು ಇಂದೇ ನಿಲ್ಲಿಸಿ. ಅಂಗಡಿಯಲ್ಲಿ ಸಿಗುವ ಬ್ರೊಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ತೂರಾಡುತ್ತದೆ. ಗೂಬೆಗೆ ಸುಲಭವಾಗಿ ಸಿಗುವುದೂ ಅಂಥದ್ದೇ. ಆ ವಿಷ ಗೂಬೆಯ ಯಕೃತ್ತಿನಲ್ಲಿ ಕೂಡುತ್ತಾ ಹೋಗಿ, ಒಳಗೇ ರಕ್ತಸ್ರಾವವಾಗಿ ಸಾಯುತ್ತದೆ. ಅಂಟು ಹಲಗೆಯೂ ಬೇಡ. ಪಂಜರದ ಬೋನು ಸಾಕು. ಮೀನಿನ ತ್ಯಾಜ್ಯವನ್ನು ಮುಚ್ಚಳವಿರುವ ಡಬ್ಬದಲ್ಲೇ ಹಾಕಿ.

ಮರಿಗಳು ಹಾರಿದ ಮೇಲೆ, ಒಂದು ವಾರ ಸಂಜೆ ಹೊತ್ತು ಗಮನಿಸಿ, ಒಳಗೆ ಯಾರೂ ಇಲ್ಲವೆಂದು ಖಾತ್ರಿಯಾದರೆ ಡಕ್ಟಿನ ಬಾಯಿಗೆ ಜಾಲರಿ ಹಾಕಿ. ಹಿಕ್ಕೆಯನ್ನು ಒಣದಾಗಿ ಗುಡಿಸಬೇಡಿ. ಮಾಸ್ಕ್ ಧರಿಸಿ, ನೀರು ಚಿಮುಕಿಸಿ ತೆಗೆಯಿರಿ. ಬದಲಿಗೆ ತಾರಸಿಯ ಗೋಡೆಗೆ ಪೆಟ್ಟಿಗೆ ಕಟ್ಟಿದರೆ ಒಳ್ಳೆಯದು: ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರ, ಆರಿಂಚಿನ ಚೌಕ ಬಾಗಿಲು. ಬಾಗಿಲು ತಳದಿಂದ ಒಂದಡಿಗಿಂತ ಮೇಲಿರಲಿ, ಇಲ್ಲದಿದ್ದರೆ ಮರಿ ಉರುಳಿ ಬೀಳುತ್ತದೆ. ನಮ್ಮಲ್ಲಿ ಮಳೆ ಪಶ್ಚಿಮದಿಂದ ಬಡಿಯುವುದರಿಂದ ಬಾಗಿಲು ಪೂರ್ವಕ್ಕಿರಲಿ. ಮರೀನ್ ಪ್ಲೈವುಡ್, ಸ್ಟೀಲ್ ಸ್ಕ್ರೂ ಬಳಸಿ. ಕಬ್ಬಿಣದ್ದು ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ.

ಅಷ್ಟರಲ್ಲಿ ಮರಿ ಕೆಳಗೆ ಬಿದ್ದರೆ ಹಾಲು, ನೀರು ಕುಡಿಸಬೇಡಿ. ನೆಲದ ಮೇಲಿರುವ ಮರಿಗೆ ತಾಯಿ ಸಾಮಾನ್ಯವಾಗಿ ಊಟ ಕೊಡುವುದಿಲ್ಲ. ಗಾಯವಿಲ್ಲದಿದ್ದರೆ ದಪ್ಪ ಟವೆಲ್‌ನಲ್ಲಿ ಹಿಡಿದು ಗೂಡಿಗೇ ಸೇರಿಸಿ; ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎಂಬುದು ಸುಳ್ಳು. ಗಾಯವಿದ್ದರೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕತ್ತಲೆ ಕೋಣೆಯಲ್ಲಿರಿಸಿ, ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ.