ಮನೆಗೆ ಸದ್ದು ಕಡಿಮೆಯ ಏರ್‌ಬ್ರಷ್ ಕಂಪ್ರೆಸರ್: ಬರೀ ಡೆಸಿಬೆಲ್ ನೋಡಿ ದುಡ್ಡು ಕೊಡಬೇಡಿ

ಏರ್‌ಬ್ರಷ್ ಅಂದರೆ ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಉಪಕರಣ, ಅದಕ್ಕೆ ಗಾಳಿ ಒದಗಿಸುವ ಯಂತ್ರವೇ ಕಂಪ್ರೆಸರ್. ಏರ್‌ಬ್ರಷ್ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಂಪ್ರೆಸರ್ ಬಗ್ಗೆಯೇ ಇರುತ್ತವೆ. ಅದರಲ್ಲೂ ಮತ್ತೆ ಮತ್ತೆ ಅವೇ ಐದಾರು ಪ್ರಶ್ನೆ. ಅರ್ಧಂಬರ್ಧ ತಿಳಿದವರು ವಿಡಿಯೊ ಮಾಡಿ ಹಾಕುತ್ತಾರೆ, ಅದನ್ನು ನಂಬಿ ಜನ ದುಡ್ಡು ಕಳೆದುಕೊಳ್ಳುತ್ತಾರೆ, ಆಮೇಲೆ ನನಗೆ ಬರೆಯುತ್ತಾರೆ. ಬೇಜಾರಾಗುತ್ತದೆ. ಅದಕ್ಕೇ ಈ ಸಲ ಎಲ್ಲಕ್ಕೂ ಒಟ್ಟಿಗೇ ಉತ್ತರ ಕೊಡುತ್ತಿದ್ದೇನೆ. ಏರ್‌ಬ್ರಷ್ ಹೇಗೆ ಹಿಡಿಯಬೇಕು, ಸೂಜಿ ಹೇಗೆ ತೊಳೆಯಬೇಕು ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ಬೆಂಗಳೂರಲ್ಲಿ ಮೂರನೇ ಮಹಡಿಯ ಮನೆ. 1:72 ಅಳತೆಯ (ನಿಜವಾದದ್ದರ 72ನೇ ಒಂದು ಭಾಗದಷ್ಟು) ವಿಮಾನದ ಮಾಡೆಲ್‌ಗಳಿಗೆ ಬಣ್ಣ ಹಾಕುತ್ತೇನೆ. ಆಫೀಸು ಮುಗಿಸಿ ಕೂರುವಾಗ ರಾತ್ರಿ ಹತ್ತಾಗಿರುತ್ತದೆ, ಪಕ್ಕದ ರೂಮಲ್ಲಿ ಎಂಟು ತಿಂಗಳ ಮಗು ಮಲಗಿರುತ್ತದೆ. ಬಜೆಟ್ 10,000 ರೂಪಾಯಿ. ಒಂದು ಕಂಪ್ರೆಸರ್‌ಗೆ 3 ಲೀಟರ್ ಟ್ಯಾಂಕು, 47 ಡೆಸಿಬೆಲ್ ಅಂತಾರೆ. ಇನ್ನೊಂದು 24 ಲೀಟರಿನ ‘ಸೈಲೆಂಟ್’, 60 ಡೆಸಿಬೆಲ್ ಅಂತೆ. ಟ್ಯಾಂಕು ಇಲ್ಲದ್ದು ಇನ್ನೂ ಅಗ್ಗ. ಯಾವುದು ತಗೊಳ್ಳಲಿ?

3 ಲೀಟರ್ ಟ್ಯಾಂಕಿನದು ತಗೊಳ್ಳಿ. ಆದರೆ 47 ಅಂತ ಬರೆದಿದ್ದಾರೆ ಅನ್ನುವ ಕಾರಣಕ್ಕೆ ಅಲ್ಲ.

ಡಬ್ಬದ ಮೇಲಿನ ಡೆಸಿಬೆಲ್ ಸಂಖ್ಯೆಗೆ ಅರ್ಥ ಬರಬೇಕಾದರೆ ಎಷ್ಟು ದೂರದಿಂದ ಅಳೆದರು ಅಂತ ಗೊತ್ತಿರಬೇಕು. ಬಯಲಲ್ಲಿ ದೂರ ಎರಡು ಪಟ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಬ್ಬ ಒಂದು ಮೀಟರಿನಿಂದ ಅಳೆದಿರುತ್ತಾನೆ, ಇನ್ನೊಬ್ಬ ನಾಲ್ಕು ಮೀಟರಿನಿಂದ. ಅದೇ ಯಂತ್ರಕ್ಕೆ 12 ಡೆಸಿಬೆಲ್ ವ್ಯತ್ಯಾಸ ಬಂದುಬಿಡುತ್ತದೆ. ಇನ್ನು 10 ಡೆಸಿಬೆಲ್ ಹೆಚ್ಚಾದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ದುಪ್ಪಟ್ಟು ಅನ್ನಿಸುತ್ತದೆ. 47ಕ್ಕೂ 60ಕ್ಕೂ ಏನು ಮಹಾ, ಹದಿಮೂರು ತಾನೇ ಅಂತ ಲೆಕ್ಕ ಹಾಕಬೇಡಿ. ನಮ್ಮ ಶಬ್ದಮಾಲಿನ್ಯದ ನಿಯಮದಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಇಟ್ಟಿರುವ ಮಿತಿ 45 ಡೆಸಿಬೆಲ್. ನೀವು ಬಣ್ಣ ಹಾಕುವುದು ಸರಿಯಾಗಿ ಅದೇ ಹೊತ್ತಲ್ಲಿ.

ಹಾಗಾದರೆ ಏನು ನೋಡಬೇಕು? ಮೋಟಾರಿನ ಪ್ಲೇಟಿನ ಮೇಲೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ಬರೆದಿರುತ್ತದೆ, ಅದನ್ನು ಓದಿ. ನಮ್ಮ 50 ಹರ್ಟ್ಸ್ ಕರೆಂಟಿಗೆ ನಾಲ್ಕು ಪೋಲಿನ (ಕಾಂತ ಧ್ರುವದ) ಇಂಡಕ್ಷನ್ ಮೋಟಾರು ಸುಮಾರು 1,400 ಸುತ್ತು ತಿರುಗುತ್ತದೆ, ಎರಡು ಪೋಲಿನದು ಸುಮಾರು 2,800. ನಿಧಾನಕ್ಕೆ ತಿರುಗುವುದು ಗುಂಯ್ ಅನ್ನುತ್ತದೆ, ವೇಗದ್ದು ಕಿರುಚುತ್ತದೆ. ಹಾರ್ಡ್‌ವೇರ್ ಅಂಗಡಿಯವರು ‘ಇದೂ 24 ಲೀಟರೇ, ಅಗ್ಗದ್ದು’ ಅಂತ ತೋರಿಸುವ 2 ಎಚ್‌ಪಿ ಕಂಪ್ರೆಸರ್ ಮಿಕ್ಸಿಗಿಂತ ಜೋರು. ಅದನ್ನು ಮನೆಯೊಳಗೆ ತರಲೇಬೇಡಿ.

ಎರಡನೆಯದು ಟ್ಯಾಂಕು. ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು, ಬಹಳ ಜನ ಮಾಡುವುದೇ ಇಲ್ಲ. 0.2 ಅಥವಾ 0.3 ಮಿಲಿಮೀಟರ್ ಸೂಜಿಯ ಏರ್‌ಬ್ರಷ್ 15ರಿಂದ 25 ಪಿಎಸ್‌ಐ ಒತ್ತಡದಲ್ಲಿ (ಒಂದು ಬಾರ್ ಅಂದರೆ ಸುಮಾರು 14.5 ಪಿಎಸ್‌ಐ) ಕೆಲಸ ಮಾಡುತ್ತದೆ, ನಿಮಿಷಕ್ಕೆ ಹತ್ತು ಲೀಟರ್ ಆಸುಪಾಸು ಗಾಳಿ ಕುಡಿಯುತ್ತದೆ. ನೀವು ಹೇಳಿದ 3 ಲೀಟರಿನದು ಎಎಸ್-186 ಅನ್ನುವ ಮಾದರಿಯದ್ದೇ ಇರಬೇಕು. ಅದನ್ನೇ ಬೇರೆ ಬೇರೆ ಲೇಬಲ್ ಅಂಟಿಸಿ ಮಾರುತ್ತಾರೆ. 4 ಬಾರ್ ತುಂಬಿದಾಗ ಮೋಟಾರು ತಾನಾಗಿಯೇ ನಿಲ್ಲುತ್ತದೆ, 3 ಬಾರ್‌ಗೆ ಇಳಿದಾಗ ಮತ್ತೆ ಶುರುವಾಗುತ್ತದೆ. ಅಂದರೆ 3 ಲೀಟರ್ ಟ್ಯಾಂಕಲ್ಲಿ 1 ಬಾರ್ ಇಳಿಯುವಾಗ ನಿಮಗೆ ಸಿಗುವುದು ಮೂರೇ ಲೀಟರ್ ಗಾಳಿ. ಏರ್‌ಬ್ರಷ್ಷಿನ ಗುಂಡಿ ಒತ್ತಿಯೇ ಹಿಡಿದರೆ ಇಪ್ಪತ್ತು ಸೆಕೆಂಡಿನೊಳಗೆ ಖಾಲಿ. ಆದರೆ 1:72 ವಿಮಾನದ ರೆಕ್ಕೆಗೆ ಯಾರೂ ಒತ್ತಿಯೇ ಹಿಡಿಯುವುದಿಲ್ಲ, ಒಂದು ಗೆರೆ ಎಳೆದು ನಿಲ್ಲಿಸಿ ನೋಡುತ್ತೇವೆ, ಅಲ್ವಾ? ಹಾಗಾಗಿ ಮೋಟಾರು ಆಗಾಗ ಸ್ವಲ್ಪ ಹೊತ್ತು ಗುಂಯ್ಗುಟ್ಟಿ ಸುಮ್ಮನಾಗುತ್ತದೆ. ಬಾಗಿಲು ಹಾಕಿದ್ದರೆ ಪಕ್ಕದ ರೂಮಿಗೆ ಹೆಚ್ಚು ಕೇಳುವುದಿಲ್ಲ. ಟ್ಯಾಂಕು ಇಲ್ಲದ್ದು ಬಣ್ಣ ಹಾಕುವಷ್ಟು ಹೊತ್ತೂ ಓಡುತ್ತಲೇ ಇರುತ್ತದೆ, ಬೇಗ ಬಿಸಿಯಾಗುತ್ತದೆ. ಮೇಲಾಗಿ ಪಿಸ್ಟನ್ನಿನ ಒಂದೊಂದು ಹೊಡೆತವೂ ಪೈಪಿನ ಮೂಲಕ ಬಂದು ತೆಳು ಗೆರೆಯಲ್ಲಿ ಕಾಣಿಸಿಕೊಳ್ಳುತ್ತದೆ. ಉಳಿಸಿದ ದುಡ್ಡು ಅಲ್ಲೇ ಹೋಯಿತು.

24 ಲೀಟರಿನ ಎಣ್ಣೆರಹಿತ, ನಿಧಾನ ಮೋಟಾರಿನದ್ದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಅದಕ್ಕೊಂದು ಒಳ್ಳೆಯ ದಾರಿ ಇದೆ. ರಾತ್ರಿ ಎಂಟಕ್ಕೆ, ಮಗು ಎದ್ದಿರುವಾಗಲೇ, ಬಾಲ್ಕನಿಯಲ್ಲಿಟ್ಟು 8 ಬಾರ್ ತುಂಬಿಸಿ. ಮೂರ್ನಾಲ್ಕು ನಿಮಿಷ ಸದ್ದು, ಅಷ್ಟೇ. ಆಮೇಲೆ ಸ್ವಿಚ್ ತೆಗೆದುಬಿಡಿ. 8ರಿಂದ 2 ಬಾರ್‌ಗೆ ಇಳಿಯುವಷ್ಟರಲ್ಲಿ 144 ಲೀಟರ್ ಗಾಳಿ ಸಿಗುತ್ತದೆ. ಒತ್ತಿಯೇ ಹಿಡಿದರೂ ಹದಿನಾಲ್ಕು ನಿಮಿಷ, ಬಿಟ್ಟು ಬಿಟ್ಟು ಹೊಡೆದರೆ ಅರ್ಧ ಗಂಟೆ ದಾಟುತ್ತದೆ. ಅಷ್ಟು ಹೊತ್ತೂ ಮೋಟಾರಿನ ಸದ್ದೇ ಇಲ್ಲ. ಆದರೆ ಆ ಯಂತ್ರ ಇಪ್ಪತ್ತು ಕೆಜಿ ಆಸುಪಾಸು ತೂಗುತ್ತದೆ, ಜಾಗ ಬೇಕು, ಮಗು ಅಂಬೆಗಾಲಿಡಲು ಶುರು ಮಾಡಿದ ಮೇಲೆ 8 ಬಾರ್ ತುಂಬಿದ ಟ್ಯಾಂಕು ಮನೆಯೊಳಗೆ ಇರುವುದು ನನಗೆ ಸರಿ ಕಾಣುವುದಿಲ್ಲ. ಬೀಗ ಹಾಕುವ ಬಾಲ್ಕನಿ ಇದ್ದರೆ ಮಾತ್ರ ಯೋಚನೆ ಮಾಡಿ.

ಈಗ ಯಾರೂ ಹೇಳದ ವಿಷಯ. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟುವುದು ಗಾಳಿಯಲ್ಲಿ ಬರುವ ಸದ್ದಿಗಲ್ಲ, ನೆಲದಲ್ಲಿ ಇಳಿಯುವ ಅದುರಿಗೆ. ಯಂತ್ರದ ರಬ್ಬರ್ ಕಾಲುಗಳು ಗಟ್ಟಿ, ಅವು ಸಾಲುವುದಿಲ್ಲ. ಹಳೇ ಯೋಗ ಮ್ಯಾಟನ್ನು ಮೂರು ನಾಲ್ಕು ಪದರ ಮಡಚಿ, ಅದರ ಮೇಲೆ ಒಂದು ಕಡಪ ಕಲ್ಲಿನ ತುಂಡು ಇಡಿ, ಕಲ್ಲಿನ ಮೇಲೆ ಕಂಪ್ರೆಸರ್. ಕಲ್ಲಿನ ಭಾರ ಅದುರನ್ನು ತಡೆಯುತ್ತದೆ, ಮ್ಯಾಟು ಅದನ್ನು ನೆಲಕ್ಕೆ ಬಿಡುವುದಿಲ್ಲ. ಗೋಡೆಗೂ ಮೇಜಿನ ಕಾಲಿಗೂ ತಾಗಬಾರದು. ಇದನ್ನು ಮಾಡಿ ನೋಡಿ, ಸಾವಿರಾರು ರೂಪಾಯಿ ಜಾಸ್ತಿ ಕೊಟ್ಟು ಇನ್ನೂ ‘ಸೈಲೆಂಟ್’ ಆದದ್ದನ್ನು ಹುಡುಕುವ ಅಗತ್ಯ ಬೀಳುವುದಿಲ್ಲ. ಬೀರುವಿನೊಳಗೋ ಥರ್ಮಾಕೋಲ್ ಡಬ್ಬದೊಳಗೋ ಮುಚ್ಚಿ ಓಡಿಸಬೇಡಿ. ಎಣ್ಣೆ ಇಲ್ಲದ ಪಿಸ್ಟನ್ನಿಗೆ ಬಿಸಿಯೇ ಶತ್ರು. ಬಿಸಿಗೆ ಅದರ ಸೀಲು (ಗಾಳಿ ಸೋರದಂತೆ ತಡೆಯುವ ಉಂಗುರ) ಸವೆದುಹೋದ ಮೇಲೆ ಮೋಟಾರು ಓಡುತ್ತದೆ, ಗಾಳಿ ಏರುವುದಿಲ್ಲ.

ಆದಷ್ಟು ಅಂಗಡಿಗೇ ಹೋಗಿ ತಗೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಿಗೆ ಹೋಗುವುದಾದರೆ ನಿಮ್ಮ ಏರ್‌ಬ್ರಷ್ಷನ್ನೂ ಜೊತೆಗೆ ಒಯ್ಯಿರಿ. ಟ್ಯಾಂಕು ತುಂಬಿಸಿ ಮೋಟಾರು ನಿಲ್ಲುವವರೆಗೆ ಕಾಯಿರಿ, ಆಮೇಲೆ ಹತ್ತು ನಿಮಿಷ ಗೇಜಿನ ಮುಳ್ಳನ್ನು ನೋಡುತ್ತಾ ಅಲ್ಲೇ ನಿಲ್ಲಿ. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ, ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಸೋರುವ ಯಂತ್ರ ಮಧ್ಯರಾತ್ರಿ ತಾನಾಗಿಯೇ ಶುರುವಾಗಿ ಮಗುವನ್ನು ಎಬ್ಬಿಸುತ್ತದೆ. ಆಮೇಲೆ ಒತ್ತಡ ಹೊಂದಿಸುವ ರೆಗ್ಯುಲೇಟರ್ ನೋಡಿ. ಮುಳ್ಳು 25 ತೋರಿಸುತ್ತಿರುತ್ತದೆ, ಗುಂಡಿ ಒತ್ತಿದ ಕೂಡಲೇ 18ಕ್ಕೋ 20ಕ್ಕೋ ಇಳಿದು ಅಲ್ಲಿ ನಿಲ್ಲುತ್ತದೆ. ಇಳಿಯುವುದು ತಪ್ಪಲ್ಲ, ನಿಲ್ಲದೆ ಕುಣಿಯುತ್ತಿದ್ದರೆ ಬೇಡ. ಮನೆಯಲ್ಲೂ ಒತ್ತಡ ಹೊಂದಿಸುವುದು ಯಾವಾಗಲೂ ಗುಂಡಿ ಒತ್ತಿ ಹಿಡಿದೇ. ಪಿಸ್ಟನ್ ಸೀಲು ಬಿಡಿಯಾಗಿ ಸಿಗುತ್ತಾ ಅಂತ ಕೇಳಿ. ‘ಬೇಕಾಗಲ್ಲ ಸಾರ್’ ಅಂದರೆ ಮುಂದಿನ ಅಂಗಡಿಗೆ ನಡೆಯಿರಿ.

ಪ್ರಶ್ನೆ: ಗುಜರಿಯಲ್ಲಿ ಹಳೇ ಫ್ರಿಜ್ಜಿನ ಕಂಪ್ರೆಸರ್ ಅಗ್ಗಕ್ಕೆ ಸಿಗುತ್ತದೆ, ಸದ್ದೇ ಬರಲ್ಲ ಅಂತ ವಿಡಿಯೊದಲ್ಲಿ ತೋರಿಸಿದರು. ಖಾಲಿ ಗ್ಯಾಸ್ ಸಿಲಿಂಡರನ್ನು ಟ್ಯಾಂಕು ಮಾಡಿಕೊಳ್ಳಬಹುದಾ? (ಹುಬ್ಬಳ್ಳಿ)

ಬೇಡ. ದಯವಿಟ್ಟು ಬೇಡ.

ಸದ್ದು ಬರಲ್ಲ ಅನ್ನುವುದು ನಿಜ, ಉಳಿದದ್ದನ್ನು ಅವರು ಹೇಳುವುದಿಲ್ಲ. ಈಚಿನ ಫ್ರಿಜ್ಜುಗಳಲ್ಲಿ ಬಹಳಷ್ಟರಲ್ಲಿ ಇರುವುದು ಆರ್-600ಎ, ಅಂದರೆ ಐಸೊಬ್ಯುಟೇನ್. ಅದು ಹತ್ತಿಕೊಳ್ಳುವ ಗ್ಯಾಸು. ಅದರ ಪೈಪನ್ನು ಮನೆಯೊಳಗೆ ಕುಯ್ಯುತ್ತಾ ಕೂರುತ್ತೀರಾ? ಇನ್ನು ಆ ಕಂಪ್ರೆಸರ್‌ನ ಎಣ್ಣೆ ಫ್ರಿಜ್ಜಿನೊಳಗೆ ಸುತ್ತಿ ವಾಪಸ್ ಬರುವ ಹಾಗೆ ಮಾಡಿರುತ್ತಾರೆ. ಪೈಪು ಕುಯ್ದ ಮೇಲೆ ಅದು ವಾಪಸ್ ಬರುವುದಿಲ್ಲ, ಗಾಳಿಯ ಜೊತೆ ಸಣ್ಣ ಹನಿಯಾಗಿ ನಿಮ್ಮ ಮಾಡೆಲ್ ಮೇಲೆ ಬೀಳುತ್ತದೆ. ಹನಿ ಬಿದ್ದ ಜಾಗದಲ್ಲಿ ಬಣ್ಣ ದುಂಡಗೆ ಸರಿದು ಮೀನಿನ ಕಣ್ಣಿನ ಹಾಗೆ ಗುಳಿ ಬೀಳುತ್ತದೆ. ಕೊನೆಗೆ ಎಣ್ಣೆ ಮುಗಿದು ಕಂಪ್ರೆಸರ್ ಜಾಮ್ ಆಗುತ್ತದೆ. ತಾನಾಗಿ ನಿಲ್ಲುವ ಸ್ವಿಚ್ ಇಲ್ಲ, ಸೇಫ್ಟಿ ವಾಲ್ವ್ ಇಲ್ಲ. ಅದನ್ನು ಒಯ್ದು ಗ್ಯಾಸ್ ಸಿಲಿಂಡರಿಗೆ ಜೋಡಿಸುವುದು, ಒಳಗೆ ಉಳಿದ ಗ್ಯಾಸಿಗೆ ಗಾಳಿ ತುಂಬಿಸುವುದು ಜೀವಕ್ಕೇ ಅಪಾಯ. ಲೈಕ್ಸ್‌ಗಾಗಿ ಇಂಥದ್ದನ್ನು ಕಲಿಸುವವರಿಗೆ ಸ್ವಲ್ಪವೂ ಜವಾಬ್ದಾರಿ ಇಲ್ಲ. ದುಡ್ಡು ಸಾಲದಿದ್ದರೆ ಎರಡು ತಿಂಗಳು ಕಾಯಿರಿ, ಅಲ್ಲಿಯವರೆಗೆ ಕೈ ಬ್ರಷ್ಷಿನಲ್ಲೇ ಬಣ್ಣ ಹಾಕಿ.

ಪ್ರಶ್ನೆ: ಅಮ್ಮನ ನೆಬ್ಯುಲೈಸರ್ ಮನೆಯಲ್ಲೇ ಇದೆ, ಅಕ್ವೇರಿಯಂ ಪಂಪೂ ಇದೆ. ನಡೆಯುತ್ತಾ?

ಏರ್‌ಬ್ರಷ್ಷಿಗೆ ಬೇಕಾದಷ್ಟು ಗಾಳಿಯನ್ನು ಬೇಕಾದ ಒತ್ತಡದಲ್ಲಿ ಎರಡೂ ಕೊಡುವುದಿಲ್ಲ, ಮೇಲಾಗಿ ಅಮ್ಮನ ಉಸಿರಾಟದ ಯಂತ್ರವನ್ನು ಮುಟ್ಟಬೇಡಿ.

ಪ್ರಶ್ನೆ: ಗಣೇಶನ ಮೂರ್ತಿಗೆ ಬಣ್ಣ ಹೊಡೆಯುವ ಸ್ಪ್ರೇ ಗನ್ನನ್ನು ಈ ಸಣ್ಣ ಕಂಪ್ರೆಸರ್‌ಗೇ ಹಾಕಬಹುದಾ? (ದಾವಣಗೆರೆ)

ಇಲ್ಲ. ಸ್ಪ್ರೇ ಗನ್ನಿಗೆ ಏರ್‌ಬ್ರಷ್ ಕುಡಿಯುವುದರ ಹತ್ತು ಪಟ್ಟಾದರೂ ಗಾಳಿ ಬೇಕು. ಕಣ್ಣು, ಕಿರೀಟದ ಅಂಚು, ಪಂಚೆಯ ಜರಿಗೆ ಏರ್‌ಬ್ರಷ್ ಚೆನ್ನಾಗಿ ಆಗುತ್ತದೆ. ಮೈಬಣ್ಣಕ್ಕೆ ಬೇರೆ ಕಂಪ್ರೆಸರ್ ಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಏರ್‌ಬ್ರಷ್ಷಿಂದ ನೀರು ಉಗುಳುತ್ತದೆ. ಕಂಪ್ರೆಸರ್ ಕೆಟ್ಟಿದೆಯಾ? (ಉಡುಪಿ)

ಕೆಟ್ಟಿಲ್ಲ. ನಿಮ್ಮ ಕರಾವಳಿಯ ಗಾಳಿಯಲ್ಲೇ ಅಷ್ಟು ತೇವ ಇದೆ. ಗಾಳಿಯನ್ನು ಒತ್ತಿ ಹಿಡಿದು ಆಮೇಲೆ ತಣ್ಣಗಾಗಲು ಬಿಟ್ಟರೆ ಆವಿ ನೀರಾಗಲೇಬೇಕು. ಕಂಪ್ರೆಸರ್‌ನಿಂದ ಹೊರಡುವಾಗ ಗಾಳಿ ಇನ್ನೂ ಬಿಸಿ ಇರುತ್ತದೆ, ಅದಕ್ಕೇ ಅಲ್ಲಿರುವ ಫಿಲ್ಟರಿಗೆ ಎಲ್ಲ ನೀರೂ ಸಿಗುವುದಿಲ್ಲ. ಮುಂದೆ ಪೈಪಿನಲ್ಲಿ ತಣ್ಣಗಾದ ಮೇಲೆ ನೀರು ಕಟ್ಟುತ್ತದೆ. ಉದ್ದದ ಪೈಪು ಹಾಕಿ, ಏರ್‌ಬ್ರಷ್ ಬುಡದಲ್ಲಿ ಇನ್ನೊಂದು ಸಣ್ಣ ಫಿಲ್ಟರ್ ಕೂರಿಸಿ. ಟ್ಯಾಂಕಿನ ತಳದ ನಟ್ಟನ್ನು ಪ್ರತಿ ಸಲ ಕೆಲಸ ಮುಗಿದ ಮೇಲೆ, ಗಾಳಿ ಬಿಟ್ಟು, ಬಿಚ್ಚಿ ನೀರು ಸುರಿಯಿರಿ. ಇಲ್ಲದಿದ್ದರೆ ಟ್ಯಾಂಕು ಒಳಗಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಅಕ್ರಿಲಿಕ್ ಬಣ್ಣ ನೀರಿನದ್ದು ತಾನೇ, ಮಾಸ್ಕ್ ಯಾಕೆ?

ನೀರು ಒಣಗುತ್ತದೆ, ಬಣ್ಣದ ಪುಡಿ ಮತ್ತು ಪ್ಲಾಸ್ಟಿಕ್ ಎದೆಯೊಳಗೇ ಉಳಿಯುತ್ತದೆ. ಅಕ್ರಿಲಿಕ್‌ಗೆ ಕನಿಷ್ಠ ಎನ್95 ಹಾಕಿ. ಲ್ಯಾಕರ್, ಥಿನ್ನರ್ ಬಳಸುವುದಾದರೆ ಎನ್95 ಆವಿಯನ್ನು ತಡೆಯುವುದಿಲ್ಲ, ಆವಿ ಹೀರುವ ಇದ್ದಿಲ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು, ಕಿಟಕಿಯಿಂದ ಗಾಳಿ ಹೊರಗೆ ತಳ್ಳುವ ಫ್ಯಾನೂ ಬೇಕು. ಗಟ್ಟಿಕಾರಕ ಬೆರೆಸುವ, ಕಾರಿಗೆ ಹೊಡೆಯುವ ಆ 2ಕೆ ಕ್ಲಿಯರ್‌ನಲ್ಲಿ (ಹೊಳಪಿನ ಮೇಲ್ಪದರ) ಐಸೊಸಯನೇಟ್ ಅನ್ನುವ, ಉಸಿರಾಟಕ್ಕೆ ಅಪಾಯದ ರಾಸಾಯನಿಕ ಇರುತ್ತದೆ, ಅದನ್ನು ಮನೆಯಲ್ಲಿ ಹೊಡೆಯಲೇಬೇಡಿ. ಮೇಲೆ ಬರೆದ ಬೆಂಗಳೂರಿನ ಓದುಗರೇ, ಮಗು ಇರುವ ಮನೆ ಅಂದಿರಿ. ಈ ಮಾತು ಮೊದಲು ನಿಮಗೆ.

ಪ್ರಶ್ನೆ: ಕರೆಂಟು ಹೋದಾಗ ಮನೆಯ ಇನ್ವರ್ಟರಿನಲ್ಲಿ ಓಡಿಸಬಹುದಾ?

ಸೈನ್ ವೇವ್ ಇನ್ವರ್ಟರ್ ಆದರೆ ಸಣ್ಣದನ್ನು ಓಡಿಸಿ. ಸ್ಕ್ವೇರ್ ವೇವ್ ಆದರೆ ಮೋಟಾರು ಗುರ್ ಅಂದು ಬಿಸಿಯಾಗುತ್ತದೆ, ಬೇಡ.

ಪ್ರಶ್ನೆ: ಪೈಪು ಏರ್‌ಬ್ರಷ್ಷಿಗೆ ಕೂರುತ್ತದೆ, ಕಂಪ್ರೆಸರ್‌ಗೆ ಕೂರುತ್ತಿಲ್ಲ. ಗಮ್ ಹಾಕಿ ಅಂಟಿಸಲಾ?

ಅಂಟಿಸಬೇಡಿ. ಸಾಮಾನ್ಯವಾಗಿ ಒಂದು ಕಡೆ 1/8, ಇನ್ನೊಂದು ಕಡೆ 1/4 ಇಂಚಿನ ಬಿಎಸ್‌ಪಿ (ಪೈಪು ಜೋಡಣೆಯ ಒಂದು ಅಳತೆಪದ್ಧತಿ) ಥ್ರೆಡ್ ಇರುತ್ತದೆ. ಅಡಾಪ್ಟರ್ ಕೇಳಿ ತಗೊಂಡು ಟೆಫ್ಲಾನ್ ಟೇಪು ಸುತ್ತಿ ಬಿಗಿ ಮಾಡಿ.