ಹಳೇ ಲ್ಯಾಪ್‌ಟಾಪ್ ಇದೆ, ಸ್ವಂತ ಹಾಡು ರೆಕಾರ್ಡ್ ಮಾಡಬೇಕು. ಯಾವ ಸಾಫ್ಟ್‌ವೇರ್‌ನಿಂದ ಶುರು ಮಾಡಲಿ?

ನೀವು ಕೇಳಿರುವುದು ಇಷ್ಟು. ಊರು ತೀರ್ಥಹಳ್ಳಿ ಕಡೆ. ಕೈಯಲ್ಲಿ 4 ಜಿಬಿ ರ್‍ಯಾಮ್ ಇರುವ ಹಳೇ ವಿಂಡೋಸ್ ಲ್ಯಾಪ್‌ಟಾಪ್, ಒಂದು ಗಿಟಾರ್. ಹಾಡು ಬರೆಯುತ್ತೀರಿ, ನೀವೇ ಹಾಡುತ್ತೀರಿ. ಮುಂದೆ ತಬಲಾ, ಕೊಳಲು ಕೂಡಿಸುವ ಆಸೆ. ಎಫ್‌ಎಲ್ ಸ್ಟುಡಿಯೋ, ಏಬಲ್ಟನ್, ರೀಪರ್ ಮೂರರಲ್ಲಿ ಯಾವುದು? ದುಡ್ಡು ಹಾಕಬೇಕಾ? ಕೋರ್ಸ್‌ಗೆ ಸೇರಬೇಕಾ?

ರೀಪರ್ ಹಾಕಿಕೊಳ್ಳಿ. ನಿಮ್ಮ ಮಟ್ಟಿಗೆ ಉತ್ತರ ಅದೇ. ಆದರೆ ಕಾರಣ ಗೊತ್ತಿಲ್ಲದೆ ಹಾಕಿಕೊಂಡರೆ ಮುಂದಿನ ತಿಂಗಳು ಯಾರೋ ಗೆಳೆಯರು ಇನ್ನೊಂದರ ಹೆಸರು ಹೇಳುತ್ತಾರೆ, ನೀವು ಅದಕ್ಕೆ ಹೋಗುತ್ತೀರಿ. ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಾನು ಶಿವಮೊಗ್ಗದ ವಿನೋಬನಗರದಲ್ಲಿ, ಮನೆಯ ಹಿಂದಿನ ಕೋಣೆಯಲ್ಲೇ ರೆಕಾರ್ಡಿಂಗ್ ಮಾಡುತ್ತೇನೆ. ಭಾವಗೀತೆ, ಭಜನೆ, ಶಾಲೆಯ ವಾರ್ಷಿಕೋತ್ಸವಕ್ಕೆ ಡ್ಯಾನ್ಸ್ ಟ್ರ್ಯಾಕು, ಒಮ್ಮೊಮ್ಮೆ ಯಕ್ಷಗಾನದ ಪದ. ಹೊಸದಾಗಿ ಶುರು ಮಾಡುವವರು ಯಾರೇ ಬಂದರೂ ನಾನು ಮೊದಲು ಸಾಫ್ಟ್‌ವೇರ್ ಮಾತು ಎತ್ತುವುದಿಲ್ಲ. "ಮೊದಲ ದಿನ ಏನು ಮಾಡುತ್ತೀರಿ? ಬಾಯಲ್ಲಿ ಹಾಡಿ ಅದನ್ನು ಹಿಡಿದಿಡುತ್ತೀರಾ, ಇಲ್ಲ ಕಂಪ್ಯೂಟರ್ ಒಳಗೇ ಬೀಟ್ ಕಟ್ಟುತ್ತೀರಾ?" ಅಂತ ಕೇಳುತ್ತೇನೆ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಈ ಸಾಫ್ಟ್‌ವೇರುಗಳೆಲ್ಲ ಇವತ್ತು ಹೆಚ್ಚುಕಮ್ಮಿ ಎಲ್ಲ ಕೆಲಸವನ್ನೂ ಮಾಡುತ್ತವೆ. ಆದರೆ ಒಂದೊಂದೂ ಒಂದೊಂದು ಕೆಲಸಕ್ಕಾಗಿ ಹುಟ್ಟಿದ್ದು, ಆ ಹುಟ್ಟುಗುಣ ಹೋಗಿಲ್ಲ. ಎಫ್‌ಎಲ್ ಸ್ಟುಡಿಯೋ ಬೆಲ್ಜಿಯಂನ ಕಂಪನಿಯದ್ದು. ಮೊದಲು ಅದರ ಹೆಸರು ಫ್ರೂಟಿಲೂಪ್ಸ್. ಸಾಲಾಗಿ ಚೌಕಗಳಿರುತ್ತವೆ, ಯಾವ ಚೌಕ ಒತ್ತುತ್ತೀರೋ ಅಲ್ಲಿ ಡ್ರಮ್ ಬಡಿಯುತ್ತದೆ. ಹಿಪ್‌ಹಾಪ್, ಇಡಿಎಂ (ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತ) ಮಾಡುವ ಹುಡುಗರು ಅದನ್ನು ಪ್ರೀತಿಸುವುದು ಅದಕ್ಕೇ. ಒಮ್ಮೆ ಕೊಂಡರೆ ಮುಂದಿನ ಅಪ್‌ಡೇಟ್ ಎಲ್ಲ ಜೀವನಪೂರ್ತಿ ಉಚಿತ, ಇದು ನಿಜವಾಗಿ ದೊಡ್ಡ ವಿಷಯ. ಆದರೆ ಅತಿ ಕಡಿಮೆ ಬೆಲೆಯ ಫ್ರೂಟಿ ಎಡಿಷನ್‌ನಲ್ಲಿ ದನಿ ರೆಕಾರ್ಡ್ ಮಾಡಲು ಬರುವುದಿಲ್ಲ. ಹಾಡುವವರಿಗೆ ಅದು ಉಪಯೋಗ ಇಲ್ಲ. ಟ್ರಯಲ್‌ನಲ್ಲಿ ಕೆಲಸ ಸೇವ್ ಆಗುತ್ತದೆ, ಆದರೆ ಕೊಳ್ಳುವ ತನಕ ಅದನ್ನು ಮತ್ತೆ ತೆರೆಯಲು ಆಗುವುದಿಲ್ಲ. ಇದನ್ನು ತಿಳಿಯದೆ ಎಷ್ಟೋ ಜನ ಮೊದಲ ಹಾಡನ್ನೇ ಒಳಗೆ ಸಿಕ್ಕಿಸಿಕೊಂಡಿದ್ದಾರೆ.

ಏಬಲ್ಟನ್ ಲೈವ್ 2001ರಲ್ಲಿ ಬರ್ಲಿನ್‌ನಿಂದ ಬಂದದ್ದು. ಹೆಸರೇ ಹೇಳುವಂತೆ ವೇದಿಕೆಯ ಮೇಲೆ ನುಡಿಸುವವರಿಗೆ. ಬಹಳ ಒಳ್ಳೆಯದು. ಆದರೆ ಲೈವ್ 12ಕ್ಕೆ ಕನಿಷ್ಠ 8 ಜಿಬಿ ರ್‍ಯಾಮ್ ಬೇಕು. ನಿಮ್ಮ ಲ್ಯಾಪ್‌ಟಾಪ್‌ಗೆ ಆಗದು.

ರೀಪರ್ ಹುಟ್ಟಿದ್ದು ರೆಕಾರ್ಡಿಂಗ್‌ಗೇ. ನಮ್ಮ ಕಾಲದವರು ಎಂಪಿತ್ರೀ ಕೇಳಲು ಹಾಕಿಕೊಳ್ಳುತ್ತಿದ್ದ ವಿನ್‌ಆಂಪ್ ನೆನಪಿದೆಯಾ? ಅದನ್ನು ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರೇ ಇದನ್ನೂ ಶುರು ಮಾಡಿದ್ದು. ತೆರೆದರೆ ಎಡದಿಂದ ಬಲಕ್ಕೆ ಓಡುವ ಖಾಲಿ ಪಟ್ಟಿ, ಅಷ್ಟೇ. ಹಾಡಿದ್ದು ಅದರ ಮೇಲೆ ಕೂರುತ್ತದೆ. ಡೌನ್‌ಲೋಡ್ ಕೆಲವೇ ಎಂಬಿ. ನಮ್ಮ ಘಟ್ಟದ ಊರುಗಳಲ್ಲಿ ನೆಟ್‌ವರ್ಕ್ ಸಿಗಲು ಗುಡ್ಡ ಹತ್ತುವವರಿಗೆ ಇದು ಸಣ್ಣ ವಿಷಯ ಅಲ್ಲ. ಲೈಸೆನ್ಸ್ ಕೂಡ ಒಂದು ಫೈಲ್. ನೆಟ್ ಇಲ್ಲದಿದ್ದರೂ ಸಾಫ್ಟ್‌ವೇರ್ ತೆರೆಯುತ್ತದೆ.

ಅದರ ಕೊರತೆಯನ್ನೂ ಹೇಳಬೇಕು. ಒಳಗೆ ವಾದ್ಯಗಳು ಇಲ್ಲವೆಂದೇ ಹೇಳಬಹುದು. ಪಿಯಾನೋ, ತಬಲಾ, ತಂತಿವಾದ್ಯ ಎಲ್ಲ ಹೊರಗಿನಿಂದ ತಂದು ಹಾಕಬೇಕು. ನೋಡಲು ಸೊಗಸಾಗಿಯೂ ಇಲ್ಲ. ನಿಮ್ಮ ಹತ್ತಿರ ಆಪಲ್ ಕಂಪ್ಯೂಟರ್ ಅಥವಾ ಐಫೋನ್ ಇದ್ದಿದ್ದರೆ ಕಣ್ಣು ಮುಚ್ಚಿ ಗ್ಯಾರೇಜ್‌ಬ್ಯಾಂಡ್ ಅನ್ನುತ್ತಿದ್ದೆ. ಉಚಿತ, ವಾದ್ಯಗಳೂ ಒಳಗೇ ಇವೆ. ಬರೀ ಆಂಡ್ರಾಯ್ಡ್ ಫೋನ್ ಇದ್ದಿದ್ದರೆ ಬ್ಯಾಂಡ್‌ಲ್ಯಾಬ್.

ಈಗ ನಾನು ಈ ವಿಷಯದಲ್ಲಿ ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅನ್ನುವುದಕ್ಕೆ ಬರುತ್ತೇನೆ.

ಒಂದು ದೀಪಾವಳಿಗೆ ಹೊಸನಗರ ಕಡೆಯ ಅಂಟಿಗೆ-ಪಂಟಿಗೆ ತಂಡದವರನ್ನು ರೆಕಾರ್ಡ್ ಮಾಡಿದ್ದೆ. ದೀಪ ಹಿಡಿದು ರಾತ್ರಿಯೆಲ್ಲ ಮನೆಮನೆಗೆ ಹೋಗಿ ಹಾಡುವವರು, ನಿಮಗೆ ಹೇಳಬೇಕಿಲ್ಲ. ಒಬ್ಬರು ಪದ ಎತ್ತಿಕೊಳ್ಳುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಮನೆಗೆ ಬಂದು ಲ್ಯಾಪ್‌ಟಾಪ್‌ಗೆ ಹಾಕಿ ನೋಡಿದರೆ ಪರದೆಯ ಮೇಲೆ ತಾಳದ ಲೆಕ್ಕ ತೋರಿಸುವ ಗೆರೆಗೂ ಅವರ ಹಾಡಿಗೂ ಹೊಂದುತ್ತಲೇ ಇಲ್ಲ. ಒಂದು ಸೊಲ್ಲು ಗೆರೆಗಿಂತ ಮುಂಚೆ, ಇನ್ನೊಂದು ತಡ. ನಾನು ಆಗ ಹೊಸಬ. ತಪ್ಪು ಅಂದುಕೊಂಡೆ. ಎರಡು ರಾತ್ರಿ ಕೂತು ಒಂದೊಂದು ಸೊಲ್ಲನ್ನೂ ಕತ್ತರಿಸಿ ಗೆರೆಗೆ ತಂದು ಕೂರಿಸಿದೆ. ಹಿಂದೆ ಒಂದು ಡ್ರಮ್ ಕೂಡ ಹಾಕಿದೆ. ಕೇಳಲು ಸಿನಿಮಾ ಹಾಡಿನ ಹಾಗೆ ಗಟ್ಟಿಯಾಗಿತ್ತು.

ಅವರ ಊರಿಗೆ ಹೋಗಿ ಜಗಲಿಯ ಮೇಲೆ ಸ್ಪೀಕರ್ ಇಟ್ಟು ಕೇಳಿಸಿದೆ. ಪದ ಎತ್ತಿಕೊಳ್ಳುವ ಹಿರಿಯರು ತಲೆ ಬಗ್ಗಿಸಿ ಪೂರ್ತಿ ಕೇಳಿದರು. ಬಾಯಿಯ ಎಲೆಅಡಿಕೆ ಉಗಿದು ಬಂದು ಕೂತು, "ಚೆನ್ನಾಗಿದೆ ತಮ್ಮಾ. ಆದರೆ ಇದರಲ್ಲಿ ಉಸಿರು ತಗೊಳ್ಳೋಕೆ ಜಾಗವೇ ಇಲ್ಲವಲ್ಲ" ಅಂದರು.

ಮತ್ತೆ ಬಂದು ಮೊದಲಿನದನ್ನು ಕೇಳಿದಾಗ ಗೊತ್ತಾಯಿತು. ಒಬ್ಬರು ಪದ ಮುಗಿಸುವಾಗ ಕೊನೆಯ ಅಕ್ಷರ ಎಳೆಯುತ್ತಾರೆ, ಅದು ಮುಗಿಯುವ ಮುಂಚೆಯೇ ಹಿಂದಿನವರು ಸೊಲ್ಲಿನ ಒಳಗೆ ಬರುತ್ತಾರೆ. ಆ ಒಂದು ಕ್ಷಣ ಎರಡೂ ದನಿ ಒಟ್ಟಿಗೆ ಇರುತ್ತವೆ. ಹಾಡಿನ ಜೀವ ಇರುವುದೇ ಅಲ್ಲಿ, ನಾನು ಅದನ್ನೇ ಕತ್ತರಿಸಿದ್ದೆ. ಪುಣ್ಯಕ್ಕೆ ಕತ್ತರಿಸಿದ್ದು ಪರದೆಯ ಮೇಲೆ ಮಾತ್ರ, ಮೂಲ ಫೈಲ್ ಹಾಗೇ ಇತ್ತು.

ಹಾಗಾಗಿ ನಿಮ್ಮ ಹಾಡು ಯಾವ ಬಗೆಯದ್ದು ಅನ್ನುವುದು ಮುಖ್ಯ. ಚೌಕಗಳಿಂದ ಶುರುವಾಗುವ ಸಾಫ್ಟ್‌ವೇರ್ ತೆರೆದರೆ ಹೊಸಬರ ಕೈ ತಾನಾಗಿ ಚೌಕಕ್ಕೆ ಹೋಗುತ್ತದೆ. ಮೊದಲು ಬೀಟ್, ಆಮೇಲೆ ಅದರ ಮೇಲೆ ಹಾಡು. ನೀವು ಮೊದಲು ಸಾಲು ಬರೆದು, ಗುನುಗಿ, ಆಮೇಲೆ ಗಿಟಾರ್ ಹಿಡಿಯುವವರು. ನಿಮ್ಮ ದಾರಿಗೆ ಖಾಲಿ ಪಟ್ಟಿಯೇ ಸರಿ. ರೀಪರ್‌ನಲ್ಲೂ ಗೆರೆಗಳಿವೆ. ಆಲ್ಟ್ ಹಿಡಿದು ಎಸ್ ಒತ್ತಿದರೆ ತುಣುಕುಗಳು ಗೆರೆಗೆ ಅಂಟಿಕೊಳ್ಳುವುದು ನಿಲ್ಲುತ್ತದೆ. ತಾಳ ಬೇಕಾದಾಗ ಮಾತ್ರ ಹಾಕಿಕೊಳ್ಳಿ. ಎಲ್ಲ ಹಾಡೂ ನಾಲ್ಕರ ಲೆಕ್ಕದಲ್ಲೇ ಇರಬೇಕಿಲ್ಲ. ಮಿಶ್ರಛಾಪು ಆದರೆ 7/8, ಖಂಡಛಾಪು ಆದರೆ 5/8 ಅಂತ ಕೊಟ್ಟರಾಯಿತು. ಹಾಡಿನ ನಡುವೆ ಬದಲಾದರೆ ಅಲ್ಲೇ ಬದಲಿಸಲೂಬಹುದು.

ತಾಳವೇ ಇಲ್ಲದ್ದೂ ಇದೆ. ಹೊಸಹಳ್ಳಿಯ ಗಮಕ ಕೇಳಿದ್ದೀರಲ್ವಾ? ಅಲ್ಲಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕ ವಾಚನವನ್ನೋ ಅಜ್ಜಿಯ ಹಸೆ ಹಾಡನ್ನೋ ಹಿಡಿದಿಡಬೇಕು ಅಷ್ಟೇ ಅನ್ನುವವರಿಗೆ ರೀಪರ್ ಕೂಡ ಜಾಸ್ತಿಯೇ. ಅಡಾಸಿಟಿ ಸಾಕು. ಪೂರ್ತಿ ಉಚಿತ. ಒಂದು ದನಿ ರೆಕಾರ್ಡ್ ಮಾಡಿ, ಕೆಮ್ಮು, ಬಾಗಿಲ ಸದ್ದು ಕತ್ತರಿಸಲು ಅದಕ್ಕಿಂತ ಸುಲಭದ್ದು ನಾನು ಕಂಡಿಲ್ಲ.

ದುಡ್ಡಿನ ಮಾತು. ರೀಪರ್ 60 ದಿನ ಪೂರ್ತಿಯಾಗಿ, ಯಾವ ಬೀಗವೂ ಇಲ್ಲದೆ ನಡೆಯುತ್ತದೆ. ಆಮೇಲೆ ಸ್ವಂತಕ್ಕೆ ಬಳಸುವವರಿಗೆ 60 ಡಾಲರ್. ಅಂದರೆ ಐದು ಸಾವಿರ ರೂಪಾಯಿಗೆ ಮೇಲೆ. ಗಡುವು ಮುಗಿದ ಮೇಲೂ ಅದು ನಿಲ್ಲುವುದಿಲ್ಲ, ಕೊಳ್ಳಿ ಅಂತ ನೆನಪಿಸುತ್ತದೆ ಅಷ್ಟೇ. ದಯವಿಟ್ಟು ಕೊಳ್ಳಿ. ಇಷ್ಟು ನಂಬಿಕೆ ಇಟ್ಟು ಕೊಡುವವರು ಕಡಿಮೆ.

ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಬೀಗ ಮುರಿದು ಹಾಕುವ ನಕಲು, ಮಾತ್ರ ಬೇಡ. ನಾನು ಶುರುವಿನಲ್ಲಿ ಒಂದು ಅಂಗಡಿಯಲ್ಲಿ ದುಬಾರಿ ಸಾಫ್ಟ್‌ವೇರ್‌ನ ಕ್ರ್ಯಾಕ್ ಹಾಕಿಸಿಕೊಂಡಿದ್ದೆ. ಶಿವರಾತ್ರಿಗೆ ಮುಂಚೆ ಒಂದು ಭಜನಾ ಮಂಡಳಿಯ ಆರು ಹಾಡು ಮುಗಿಸಿ ಕೊಡಬೇಕಿತ್ತು. ಎರಡು ದಿನ ಇರುವಾಗ ಆಂಟಿವೈರಸ್ ಕ್ರ್ಯಾಕ್ ಫೈಲನ್ನೇ ಎತ್ತಿ ಹಾಕಿತು. ಸಾಫ್ಟ್‌ವೇರ್ ತೆರೆಯಲಿಲ್ಲ. ಹಾಡಿದ ದನಿಗಳು ವೇವ್ ಫೈಲಾಗಿ ಫೋಲ್ಡರ್‌ನಲ್ಲಿ ಇದ್ದವು. ಆದರೆ ಯಾವ ದನಿ ಎಷ್ಟು ಜೋರು, ಎಲ್ಲಿ ಕತ್ತರಿಸಿದ್ದು, ಎಲ್ಲಿ ಸೇರಿಸಿದ್ದು ಅನ್ನುವ ನಾಲ್ಕು ದಿನದ ಕೆಲಸ ಆ ಪ್ರಾಜೆಕ್ಟ್ ಫೈಲ್ ಒಳಗೇ ಉಳಿಯಿತು. ಆ ಎರಡು ದಿನ ನಿದ್ದೆ ಮಾಡದೆ ಮತ್ತೆ ಮೊದಲಿಂದ ಮಾಡಿದೆ. ಅವತ್ತು ರೀಪರ್‌ಗೆ ಬಂದವನು ಮತ್ತೆ ಬೇರೆಡೆ ಹೋಗಿಲ್ಲ.

ಹಾಕಿಕೊಂಡ ಮೊದಲ ಸಂಜೆಯೇ ನಿಮಗೆ ಒಂದು ತೊಂದರೆ ಬರುತ್ತದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಇದರಿಂದಲೇ ಬಹಳ ಜನ ಸಾಫ್ಟ್‌ವೇರ್ ಸರಿಯಿಲ್ಲ ಅಂತ ಬಿಟ್ಟುಬಿಡುತ್ತಾರೆ. ಹೆಡ್‌ಫೋನ್ ಹಾಕಿ ಹಾಡಿದರೆ ನಿಮ್ಮದೇ ದನಿ ತಡವಾಗಿ ವಾಪಸ್ ಕೇಳುತ್ತದೆ. ಬಾವಿಯೊಳಗೆ ಕೂಗಿದ ಹಾಗೆ. ಅದನ್ನು ಕೇಳಿಕೊಂಡೇ ಹಾಡಿದರೆ ನೀವೂ ನಿಧಾನ ಆಗುತ್ತೀರಿ, ತಾಳ ಜಾರುತ್ತದೆ. ತಪ್ಪು ನಿಮ್ಮದಲ್ಲ, ಸೆಟ್ಟಿಂಗ್‌ನದ್ದು. ಪ್ರಿಫರೆನ್ಸಸ್ ಒಳಗೆ ಆಡಿಯೋ ಡಿವೈಸ್ ಅಂತ ಇದೆ. ಅಲ್ಲಿ ಏಸಿಯೋ (ASIO) ಡ್ರೈವರ್ ಆರಿಸಿ, ದನಿಯನ್ನು ಹೆಚ್ಚು ತಡವಿಲ್ಲದೆ ಸಾಫ್ಟ್‌ವೇರ್‌ಗೆ ಮುಟ್ಟಿಸುವ ಸಣ್ಣ ಪ್ರೋಗ್ರಾಂ ಅದು. ಆಡಿಯೋ ಇಂಟರ್‌ಫೇಸ್ (ಮೈಕ್, ಗಿಟಾರನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ) ಕೊಂಡಿದ್ದರೆ ಅದರ ಕಂಪನಿಯ ಡ್ರೈವರೇ ಹಾಕಿ, ಇಲ್ಲದಿದ್ದರೆ ಏಸಿಯೋ ಫಾರ್ ಆಲ್ (ASIO4ALL) ಅನ್ನುವ ಉಚಿತ ಡ್ರೈವರ್ ಇದೆ. ಆಮೇಲೆ ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟು ಕಳಿಸುವ ದನಿಯ ತುಣುಕಿನ ಅಳತೆ, ಇಳಿಸಿ. 48,000 ಸ್ಯಾಂಪಲ್ ರೇಟ್‌ನಲ್ಲಿ (ಸೆಕೆಂಡಿಗೆ ಅಷ್ಟು ಸಲ ದನಿಯ ಅಳತೆ) ಬಫರ್ 1024 ಇದ್ದರೆ ಒಂದು ಕಡೆಗೇ ಸುಮಾರು 21 ಮಿಲಿಸೆಕೆಂಡ್ ತಡ, ಹೋಗಿ ಬರುವಷ್ಟರಲ್ಲಿ ದುಪ್ಪಟ್ಟು. 128ಕ್ಕೆ ಇಳಿಸಿದರೆ ಮೂರು ಮಿಲಿಸೆಕೆಂಡೂ ಇಲ್ಲ. ಹಾಡುವಾಗ 128, ಮಿಕ್ಸ್ ಮಾಡುವಾಗ ಮತ್ತೆ 1024. ಹಳೇ ಲ್ಯಾಪ್‌ಟಾಪ್ 128ರಲ್ಲಿ ಚಟಚಟ ಅಂದರೆ 256 ಇಡಿ.

ಜಾಗ ಸಾಲುತ್ತದಾ ಅಂತ ಚಿಂತೆ ಬೇಡ. 24 ಬಿಟ್, 48,000ದಲ್ಲಿ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ 9 ಎಂಬಿಗಿಂತ ಕಡಿಮೆ. ಐದು ನಿಮಿಷದ ಹಾಡಿಗೆ ಹತ್ತು ಟ್ರ್ಯಾಕ್ ಅಂದರೂ ಅರ್ಧ ಜಿಬಿ ಆಗದು. ಗೆಳೆಯರ ಕೊಳಲು ವಾಟ್ಸಾಪ್‌ನಲ್ಲಿ ತರಿಸಿಕೊಳ್ಳುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ವಾಯ್ಸ್ ಮೆಸೇಜ್ ಆದರೆ ದನಿ ಹಿಂಡಿ ಹೋಗಿರುತ್ತದೆ. ಶ್ರುತಿಯನ್ನೂ ಮೊದಲೇ ಹೇಳಿಬಿಡಿ. ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಒಂದು ಅಂದರೆ ಸಿ ಶಾರ್ಪ್, ಬಿಳಿ ನಾಲ್ಕು ಅಂದರೆ ಎಫ್.

ಮಳೆಗಾಲ ನಮ್ಮ ಕಡೆ ಬೇರೆಯೇ ಕಥೆ. ಕರೆಂಟ್ ಹೋಗುವುದು ಇದ್ದದ್ದೇ, ಹಾಗಾಗಿ ಆಟೋಸೇವ್ ಹಾಕಿಡಿ. ನಾನು ಐದು ನಿಮಿಷಕ್ಕೆ ಇಟ್ಟಿದ್ದೇನೆ. ಮೈಕ್ ಕೊಳ್ಳುವಾಗ 48 ವೋಲ್ಟ್ ಬೇಡುವ ಕಂಡೆನ್ಸರ್ ಮೈಕ್‌ಗೆ ಹೋಗಬೇಡಿ, ಡೈನಮಿಕ್ ಮೈಕ್ ತಗೊಳ್ಳಿ. ಕಂಡೆನ್ಸರ್ ಬಹಳ ಸೂಕ್ಷ್ಮ. ಹೆಂಚಿನ ಮೇಲಿನ ಮಳೆ, ಜೀರುಂಡೆ, ಕೊಟ್ಟಿಗೆಯ ದನದ ಗಂಟೆ ಎಲ್ಲ ಹಾಡಿನೊಳಗೆ ಬಂದು ಕೂರುತ್ತವೆ. ಫ್ಯಾನಿನ ಗುಂಯ್ ಸದ್ದನ್ನು ರೀಪರ್‌ನ ಜೊತೆಗೇ ಬರುವ ರಿಯಾ ಇಕ್ಯೂ (ReaEQ) ಅನ್ನುವ, ದನಿಯ ಮಂದ್ರ-ತಾರ ಭಾಗಗಳನ್ನು ಹೆಚ್ಚುಕಮ್ಮಿ ಮಾಡುವ ಸಾಧನದಲ್ಲಿ 80 ಹರ್ಟ್ಜ್‌ನ ಕೆಳಗೆ ಕತ್ತರಿಸಿ ಎಷ್ಟೋ ತಗ್ಗಿಸಬಹುದು. ಮಳೆಯ ಸದ್ದು ಹಾಗಲ್ಲ. ಅದು ದನಿಯ ಜೊತೆ ಎಲ್ಲ ಕಡೆ ಹರಡಿರುತ್ತದೆ, ತೆಗೆಯಲು ಹೋದರೆ ದನಿಯೂ ಕೆಡುತ್ತದೆ. ಹೊಳವಾದ ಹೊತ್ತು ನೋಡಿಕೊಂಡು, ಹಾಸಿಗೆ ರಾಶಿ ಹಾಕಿದ ಕೋಣೆಯಲ್ಲಿ ಕೂತು ಹಾಡಿ. ಜೋರಾಗಿ ಹಾಡಿದಾಗಲೂ ಮೀಟರ್ ಮೈನಸ್ 12 ಡೆಸಿಬೆಲ್‌ನ ಆಸುಪಾಸು ಇರಲಿ.

ಕೋರ್ಸ್ ಈಗ ಬೇಡ. ರೀಪರ್‌ನ ಸೈಟ್‌ನಲ್ಲೇ ಪೂರ್ತಿ ಕೈಪಿಡಿ ಉಚಿತವಾಗಿದೆ. ಕೆನ್ನಿ ಜಿಯೋಯಾ ಅನ್ನುವವರು ಮಾಡಿದ ವಿಡಿಯೋಗಳೂ ಅಲ್ಲೇ ಇವೆ. ಇಂಗ್ಲಿಷ್‌ನಲ್ಲಿ ಇದ್ದರೂ ಪರದೆ ನೋಡುತ್ತಾ ಹೋದರೆ ಅರ್ಥ ಆಗುತ್ತದೆ. ಮೊದಲ ವಾರ ಟ್ರ್ಯಾಕ್ ಸೇರಿಸುವುದು, ರೆಕಾರ್ಡ್, ಕತ್ತರಿಸುವುದು, ರೆಂಡರ್ (ಹಾಡನ್ನು ಒಂದೇ ಫೈಲಾಗಿ ಹೊರತೆಗೆಯುವುದು) ಈ ನಾಲ್ಕನ್ನೇ ಕಲಿಯಿರಿ. ಈಗಾಗಲೇ ಬರೆದಿಟ್ಟಿರುವ ಒಂದು ಹಾಡನ್ನು ಗಿಟಾರ್ ಒಂದು ಟ್ರ್ಯಾಕ್, ದನಿ ಒಂದು ಟ್ರ್ಯಾಕ್ ಅಂತ ಮಾಡಿ ಪೂರ್ತಿ ಮುಗಿಸಿ. ಲ್ಯಾಪ್‌ಟಾಪ್‌ನ ಮಾಡೆಲ್ ಇಲ್ಲಿ ಬರೆದರೆ ಅದಕ್ಕೆ ಯಾವ ಇಂಟರ್‌ಫೇಸ್ ಹೊಂದುತ್ತದೆ ಅಂತ ನೋಡಿ ಹೇಳುತ್ತೇನೆ.